ಊಟಕ್ಕೆ ಮೊದಲಿನ ಚಪ್ಪಾಳೆ

ನಮ್ಮ ಅಡುಗೆಮನೆಯ ಹಲಗೆಯ ಮೇಲೆ, ಉಳಿದ ಪಾತ್ರೆಗಳಿಂದ ತುಸು ದೂರ ಸರಿದು, ಜಗಳ ಮಾಡಿಕೊಂಡು ಬೇರೆಯಾದ ಅಣ್ಣತಮ್ಮನ ಹಾಗೆ, ಹಳೆಯ ಸ್ಟೀಲಿನ ಊಟದ ಗಂಗಾಳವೊಂದು ಬಹಳ ಕಾಲ ಗೋಡೆಗೆ ಒರಗಿ ನಿಂತಿತ್ತು. ಅವ್ವ ಪಾತ್ರೆ ಅಂಗಡಿಯಲ್ಲಿ ಕೂತು ಕೊರೆಸಿದ 'ಬಸು' ಎಂಬ ಹೆಸರು ಅದರ ಒಳಮೈಯಲ್ಲಿ ಇಂದಿಗೂ ಓದಲು ಬರುತ್ತದೆ. ಅಂಚಿನ ಒಂದು ಕಡೆ ಮಾತ್ರ ಸಣ್ಣ ಸಣ್ಣ ತಗ್ಗುಗಳು. ಅವು ನೆಲಕ್ಕೆ ಬಿದ್ದು ಆದವಲ್ಲ, ನನ್ನ ತಮ್ಮನ ಬೆರಳಿನಿಂದ ಆದವು. ಶನಿಕಾಟ ತಪ್ಪಲೆಂದು ಅಜ್ಜಿ ಅವನ ಬೆರಳಿಗೆ ಕುದುರೆ ಲಾಳದ ಕಬ್ಬಿಣದ ಉಂಗುರ ಹಾಕಿಸಿದ್ದಳು. ಶನಿ ಹೋದನೋ ಬಿಟ್ಟನೋ, ಆ ಉಂಗುರದ ಪೆಟ್ಟು ಮಾತ್ರ ದಿನಕ್ಕೆರಡು ಹೊತ್ತು ಗಂಗಾಳದ ಅಂಚಿಗೆ ತಪ್ಪದೆ ಬೀಳುತ್ತಿತ್ತು.

ಅಪ್ಪ ಬೆಟಗೇರಿಯಲ್ಲಿ ಸೀರೆ ನೇಯುತ್ತಿದ್ದ. ಮನೆಯ ಮುಂದಿನ ಖೋಲಿಯನ್ನೆಲ್ಲ ಮಗ್ಗವೇ ನುಂಗಿತ್ತು. ನಾವು ಅದರ ಸಂದಿಯಲ್ಲಿ ಬೆಳೆದೆವು. ಬಸು ಮುಖ ಕೊಟ್ಟು ಮಾತಾಡದ ಮಗು. ಕುಕ್ಕರಿನ ಸೀಟಿ, ಮದುವೆ ಮೆರವಣಿಗೆಯ ಬಾಜಾ, ಎಲ್ಲಕ್ಕಿಂತ ಹೆಚ್ಚಾಗಿ ಚಪ್ಪಾಳೆ, ಇವು ಕಿವಿಗೆ ಬಿದ್ದರೆ ಎರಡೂ ಕಿವಿ ಒತ್ತಿ ಹಿಡಿದು, ಯಾರೋ ಬರೆ ಎಳೆದ ಹಾಗೆ ಒದರುತ್ತಿದ್ದ. ಆದರೆ ಮಗ್ಗದ ಸದ್ದು ಅವನಿಗೆ ಸದ್ದೇ ಅಲ್ಲ. ಅದರ ಕಾಲಿಗೆ ಆನಿಕೊಂಡು ಇಡೀ ದಿನ ಕೂರುತ್ತಿದ್ದ. ಎರಡು ಮೆಲ್ಲಗೆ, ಒಂದು ಜೋರು, ಎರಡು ಮೆಲ್ಲಗೆ, ಒಂದು ಜೋರು. ಅಪ್ಪನ ಕೈಕಾಲಿನ ಆ ಲಯವನ್ನು ಅವನು ಹಾಗೆಯೇ ಎತ್ತಿಕೊಂಡು ಬಂದು ಊಟಕ್ಕೆ ಮೊದಲು ಗಂಗಾಳದ ಮೇಲೆ ನುಡಿಸುತ್ತಿದ್ದ. "ಗಂಗಾಳ ಬಡೀಬಾರದೋ ನನ್ನಪ್ಪಾ, ಮನಿಗೆ ಬಡತನ ಬರ್ತೈತಿ" ಎಂದು ಅಜ್ಜಿ ಗೋಗರೆದರೆ ಅಪ್ಪ ಮಗ್ಗದಿಂದಲೇ, "ಹೊಸದಾಗಿ ಬರೂದೇನೈತಿ, ಆಗ್ಲೇ ಬಂದು ಒಳಗ ಕುಂತೈತಲ್ಲ" ಎನ್ನುತ್ತಿದ್ದ.

ಆಟಿಸಂ ಎಂಬ ಶಬ್ದ ನಮ್ಮ ಓಣಿಗೆ ಬರುವ ಹೊತ್ತಿಗೆ ಬಸುವಿಗೆ ಮೀಸೆ ಬಂದಿತ್ತು. ಅವನ ಬಳಿ ಇದ್ದ ಮಾತು ಕಡಿಮೆ. ಅವುಗಳಲ್ಲಿ ರಾಜನಂಥ ಮಾತು ಒಂದೇ, 'ಬ್ಯಾಡ'. ಹೊಸ ಅಂಗಿ ಬ್ಯಾಡ, ನೆಂಟರು ಬ್ಯಾಡ, ತಲೆಗೆ ಎಣ್ಣೆ ಬ್ಯಾಡ. ನೀವು ನಾನು ಒಂದಿಡೀ ವ್ಯಕ್ತಿತ್ವವನ್ನು ಕಟ್ಟಿಕೊಳ್ಳಲು ಎಷ್ಟೆಲ್ಲ ಶಬ್ದ ಖರ್ಚು ಮಾಡುತ್ತೇವೆ; ಅವನು ಆ ಒಂದೇ ಮಾತಿನಲ್ಲಿ ಮನೆ ಕಟ್ಟಿ, ಬಾಗಿಲು ಹಾಕಿ, ಒಳಗೆ ನೆಮ್ಮದಿಯಾಗಿ ಇರುತ್ತಿದ್ದ.

ಅಪ್ಪ, ಅವ್ವ ಇಬ್ಬರೂ ತೀರಿದ ಮೇಲೆ ಬಸು ನನ್ನ ಜೊತೆ ಗದುಗಿನ ನಮ್ಮ ಮನೆಗೆ ಬಂದ. ನಾನು ಇಲ್ಲಿನ ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದುವವಳು. ನಮ್ಮ ಮನೆಯವರು ಬಟ್ಟೆ ಅಂಗಡಿಯಲ್ಲಿ ಗಲ್ಲೆ ಕಾಯುವವರು. ಹಗಲು ಮನೆಗೆ ಕೀಲಿ. ಒಂದು ದಿನ ಬಸು ಹಿತ್ತಲ ಗೋಡೆ ಹಾರಿ ಹೋದ. ಸಿಕ್ಕಿದ್ದು ರೈಲು ನಿಲ್ದಾಣದ ತುದಿಯಲ್ಲಿ, ಹಳಿಗಳ ನಡುವೆ. ಬರುತ್ತಿದ್ದ ಗೂಡ್ಸ್ ಗಾಡಿಯ ಸದ್ದಿಗೆ ತಲೆದೂಗುತ್ತಾ ನಿಂತಿದ್ದವನನ್ನು ಯಾರೋ ಪುಣ್ಯಾತ್ಮರು ಎಳೆದಿದ್ದರು. ಅಂದಿನಿಂದ ನನ್ನ ಎದೆಯಲ್ಲಿ ಕುಳಿತ ಹೆದರಿಕೆ, ಮುಂಡರಗಿ ರಸ್ತೆಯಲ್ಲಿ ಊರ ಹೊರಗಿದ್ದ, ಬಸುವಿನಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ವಸತಿಗೃಹದ ಬಾಗಿಲಿಗೆ ನಮ್ಮನ್ನು ಕರೆದೊಯ್ದಿತು. ಅದರ ಹೆಸರು ಇಲ್ಲಿ ಬೇಡ. ಅಲ್ಲಿದ್ದವರು ಕೆಟ್ಟವರಲ್ಲ, ಮತ್ತು ಈ ಕತೆಯಲ್ಲಿ ನನ್ನನ್ನು ಹೆದರಿಸುವುದೂ ಅದೇ.

ಎಂಥ ಚೊಕ್ಕ ಜಾಗ ಅಂತೀರಿ. ಫಿನಾಯಿಲಿನ ವಾಸನೆ, ಸಾಲಾಗಿ ಹಾಕಿದ ಮಂಚಗಳು, ಒಂದೇ ಬಣ್ಣದ ಅಂಗಿ ತೊಟ್ಟ ದೊಡ್ಡ ದೊಡ್ಡ ಗಂಡಸರು. ಕಿಟಕಿಯಾಚೆ ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳು, ಅಷ್ಟು ದೂರದಿಂದ ಒಂಚೂರೂ ಸಪ್ಪಳವಿಲ್ಲದೆ, ತಿರುಗಿದ್ದನ್ನೇ ತಿರುಗುತ್ತಿದ್ದವು. ಬಂದವರೆಲ್ಲ ಒಂದೇ ಮಾತು ಹೇಳಿ ಹೋಗುತ್ತಿದ್ದರು: "ಎಷ್ಟು ಶಾಂತ ಐತ್ರಿ ಇಲ್ಲೆ." ನಾವೂ ಹೇಳಿದೆವು. ಅಲ್ಲಿಯ ಮೇಡಂ, ನಿದ್ದೆಗೆಟ್ಟ ಕಣ್ಣಿನ ಒಳ್ಳೆಯ ಹೆಂಗಸು, ಉಂಗುರವನ್ನೂ ಗಂಗಾಳವನ್ನೂ ನನ್ನ ಕೈಗೆ ತಿರುಗಿ ಕೊಟ್ಟು, "ಇಲ್ಲೆ ಎಲ್ಲಾರಿಗೂ ಒಂದ ನಮೂನಿ ತಾಟು ಅಕ್ಕಾರ, ಇಲ್ಲಂದ್ರ ಜಗಳಾ ಆಗ್ತಾವ" ಎಂದರು. ನ್ಯಾಯವಾದ ಮಾತೇ. ಗಂಗಾಳ ನನ್ನ ಹಲಗೆ ಸೇರಿದ್ದು ಹಾಗೆ.

ನಮ್ಮ ಸೀಮೆಯ ಜನಕ್ಕೆ ಯಾರಿಗಾದರೂ ಉಣಿಸದೆ ಯಾವ ಸಂತೋಷವೂ ಪೂರ್ತಿಯಾಗುವುದಿಲ್ಲ, ಯಾವ ದುಃಖವೂ ಇಳಿಯುವುದಿಲ್ಲ. ಇದು ಹಂಗಿಸುವ ಮಾತಲ್ಲ, ಈ ಗುಣಕ್ಕೇ ನಾನು ಈ ಊರನ್ನು ಬಿಟ್ಟು ಹೋಗಲಾರೆ. ಮೊದಲೆಲ್ಲ ಮಠದ ಪಂಕ್ತಿಗೆ ಹೋಗುತ್ತಿದ್ದ ಅಕ್ಕಿಬೇಳೆಯಲ್ಲಿ ಒಂದು ಪಾಲು ಈಗ ಇಂಥ ವಸತಿಗೃಹಗಳ ಕಡೆಗೆ ತಿರುಗಿದೆ. ಮೊಮ್ಮಗನ ಹುಟ್ಟುಹಬ್ಬ, ಅಜ್ಜನ ಪುಣ್ಯತಿಥಿ, ಮಗಳು ಪಾಸಾದದ್ದು, ಬೋರಿಗೆ ನೀರು ಬಿದ್ದದ್ದು, ಎಲ್ಲಕ್ಕೂ ಇಲ್ಲಿ ಒಂದು ಹೊತ್ತಿನ ಊಟ. ಶಿರಹಟ್ಟಿಯಿಂದ, ಸೊರಟೂರಿನಿಂದ, ಕಳಸಾಪುರದಿಂದ ಗಾಡಿ ಮಾಡಿಕೊಂಡು ಬರುತ್ತಾರೆ. ಗೋಧಿ ಹುಗ್ಗಿ, ಶೇಂಗಾ ಹೋಳಿಗೆ, ಮಿರ್ಚಿ ಭಜಿ. ಪಡಸಾಲೆಯ ಗೋಡೆಗಿದ್ದ ಕರಿಹಲಗೆಯ ಮೇಲೆ ಅಂದಿನ ದಾನಿಗಳ ಹೆಸರು. ಅವರು ಒಳಗೆ ಕಾಲಿಟ್ಟೊಡನೆ ಸಾಲಾಗಿ ಕುಳಿತವರೆಲ್ಲ ಚಪ್ಪಾಳೆ ತಟ್ಟಬೇಕು, ಆಮೇಲೆ ಕೈಮುಗಿಯಬೇಕು. ದಾನಿಗಳು 'ಊಟ ಮಾಡ್ರಿ' ಎಂದ ಮೇಲೆ ತುತ್ತಿಗೆ ಕೈ ಹಾಕಬೇಕು. ಯಾರೂ ಕೋಲು ಹಿಡಿದು ಕಲಿಸಿದ್ದಲ್ಲ. ದಿನ ದಿನ ನಡೆದು ನಡೆದು ಹೊಲದಲ್ಲಿ ಕಾಲುದಾರಿ ಬೀಳುವ ಹಾಗೆ ಬಿದ್ದ ರೂಢಿ.

ಅಪ್ಪನ ಪುಣ್ಯತಿಥಿಗೆ ನಾವೂ ಅಲ್ಲಿ ಒಂದು ಹೊತ್ತು ಉಣಿಸಲು ಹೋದೆವು. ನಮ್ಮ ಮನೆಯವರ ಕೈಯಲ್ಲಿ ಹಾರ ಹಾಕಿದ ಅಪ್ಪನ ಫೋಟೊ, ನನ್ನ ಕೈಯಲ್ಲಿ ಹೋಳಿಗೆಯ ಬುಟ್ಟಿ. ಹೊಸ್ತಿಲು ದಾಟಿದೆವು, ಇಡೀ ಸಾಲು ಚಪ್ಪಾಳೆ ತಟ್ಟಿತು. ನಡುವೆ ಬಸು. ಚಪ್ಪಾಳೆಯ ಸದ್ದಿಗೆ ಸಾಯುವಷ್ಟು ಒದರುತ್ತಿದ್ದ ಬಸು, ಎರಡೂ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಉಳಿದವರ ಜೊತೆ ಒಂದೇ ಹದದಲ್ಲಿ ತಟ್ಟುತ್ತಿದ್ದ. ನನ್ನನ್ನು ನೋಡಿದ. ಬೋರಿಗೆ ನೀರು ಬಿತ್ತೆಂದು ಉಣಿಸಲು ಬಂದವರನ್ನು ನೋಡುವ ಹಾಗೆಯೇ ನೋಡಿದ. ಅಪ್ಪನ ಫೋಟೊಕ್ಕೂ ಅದೇ ಚಪ್ಪಾಳೆ, ಅದೇ ಕೈಮುಗಿತ. "ನೋಡು, ಎಷ್ಟು ಶಾಣ್ಯಾ ಆಗ್ಯಾನ ನಿನ್ನ ತಮ್ಮ" ಎಂದು ನಮ್ಮ ಮನೆಯವರು ಕಣ್ಣೊರೆಸಿಕೊಂಡರು. ಅವರದು ಆನಂದಬಾಷ್ಪ. ನಾನು ಮಾತ್ರ ಹೋಳಿಗೆಯ ಬುಟ್ಟಿ ಹಿಡಿದು ಬಡಿಸುವುದನ್ನು ಮರೆತು ನಿಂತೆ.

ನಾಗರ ಪಂಚಮಿಗೆ ಬಸುವನ್ನು ಮನೆಗೆ ಕರೆತಂದೆ. ಅವನ ಗಂಗಾಳದಲ್ಲಿಯೇ ರೊಟ್ಟಿ, ಬದನೆಕಾಯಿ ಪಲ್ಯ, ಉಂಡಿ ಇಟ್ಟು ಒಲೆಯ ಕಡೆ ತಿರುಗಿ, ಬೆನ್ನ ಹಿಂದೆ ಆ ಸದ್ದು ಬರಲೆಂದು ಕಾದೆ. ಬರಲಿಲ್ಲ. ತಿರುಗಿ ನೋಡಿದರೆ ಕೈಮುಗಿದು ಕುಳಿತಿದ್ದ, ಕಣ್ಣು ಬಾಗಿಲಿನ ಮೇಲೆ. "ಉಣ್ಣೋ ಬಸು" ಎಂದೆ, ಉಣ್ಣಲಿಲ್ಲ. ತುತ್ತು ಮಾಡಿ ಬಾಯಿಗೆ ಒಯ್ದೆ, ತುಟಿ ತೆರೆಯಲಿಲ್ಲ. 'ಬ್ಯಾಡ' ಎಂದೂ ಅನ್ನಲಿಲ್ಲ. ಪಲ್ಯದ ಎಣ್ಣೆ ಆರಿ ಅಂಚಿಗೆ ಹೆಪ್ಪುಗಟ್ಟಿತು. ಹೊರಗೆ ಓಣಿಯ ಹುಡುಗಿಯರ ಜೋಕಾಲಿಯ ಕಿರ್ರೆನ್ನುವ ಸದ್ದು. ಕೊನೆಗೆ ನನಗೇ ಏನೋ ಹೊಳೆದು, ಬಾಗಿಲ ಹೊರಗೆ ಹೋಗಿ, ಒಳಗೆ ಬರುವವಳ ಹಾಗೆ ಬಂದೆ. ಬಸು ಚಪ್ಪಾಳೆ ತಟ್ಟಿದ. ನನ್ನದೇ ಮನೆಯಲ್ಲಿ ನಾನು ದಾನಿಯಾಗಿ ನಿಂತು, "ಊಟ ಮಾಡ್ರಿ" ಎಂದೆ. ಕೂಡಲೇ ಬಾಗಿ ಉಂಡ. ಉಂಡಾದ ಮೇಲೆ ಗಂಗಾಳ ತೊಳೆದಿಟ್ಟು, ಗೋಡೆಗೆ ಮುಖ ಮಾಡಿ, ಮುಂದೊಬ್ಬ ಹಿಂದೊಬ್ಬ ಇರುವಷ್ಟು ಜಾಗ ಬಿಟ್ಟು, ಯಾರೂ ಇಲ್ಲದ ಸಾಲಿನಲ್ಲಿ ನಿಂತ.

ಅವನನ್ನು ಬಿಟ್ಟು ಬಂದ ಮೇಲೆ ಶುರುವಾಯಿತು ನೋಡಿ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು, ಜೊತೆಗೆ ತಂದ ಕರಡು ತಿದ್ದುತ್ತಾ ನಡುಮನೆಯಲ್ಲಿ ಕುಳಿತಾಗ, ಅಡುಗೆಮನೆಯಿಂದ ಆ ಸದ್ದು. ಎರಡು ಮೆಲ್ಲಗೆ, ಒಂದು ಜೋರು. ಎದ್ದು ಹೋದರೆ ಯಾರೂ ಇಲ್ಲ, ಹಲಗೆಯ ಮೇಲೆ ಗಂಗಾಳ ನಿಂತಲ್ಲೇ ನಿಂತಿದೆ. ಹಲ್ಲಿ ಇರಬಹುದು, ಪಕ್ಕದ ಮನೆಯ ನೀರಿನ ಪಂಪು ಹಲಗೆಯನ್ನು ನಡುಗಿಸಿರಬಹುದು. ನಾನು ದೆವ್ವ ನಂಬುವವಳಲ್ಲ. ಸತ್ತವರ ದೆವ್ವವನ್ನಂತೂ ನಂಬುವುದಿಲ್ಲ. ಆದರೆ ಬದುಕಿರುವ ಮನುಷ್ಯನ ಒಂದು ಅಂಶ ಅವನಿಂದ ಕಳಚಿ, ಎಲ್ಲಿಗೆ ಹೋಗಬೇಕೋ ತಿಳಿಯದೆ, ತನ್ನ ಹೆಸರು ಬರೆದ ಪಾತ್ರೆಯ ಹತ್ತಿರ ಬಂದು ನಿಲ್ಲಬಹುದೇ ಎಂಬ ಯೋಚನೆ ಬಂದಾಗ ಕೈಯಲ್ಲಿದ್ದ ಕರಡು ಕೆಳಗಿಟ್ಟೆ. ಕರಡು ತಿದ್ದುವವರಿಗೆ ಒಂದು ಚಾಳಿ ಇರುತ್ತದೆ. ತಪ್ಪು ತುಂಬಿದ ಪುಟ ನಮ್ಮನ್ನು ಹೆದರಿಸುವುದಿಲ್ಲ, ಒಂದೂ ತಪ್ಪಿಲ್ಲದ ಪುಟ ಕೈಗೆ ಬಂದರೆ ಏನೋ ಬಿಟ್ಟುಹೋಗಿದೆ ಎಂದು ಅನುಮಾನ ಹತ್ತುತ್ತದೆ. ಬಸು ನನಗೆ ಈಗ ಅಂಥ ಪುಟವಾಗಿದ್ದ.

ಮರುವಾರ ಹೇಳದೆ ಕೇಳದೆ ವಸತಿಗೃಹಕ್ಕೆ ಹೊರಟೆ. ಬಸ್ಸಿಳಿದಾಗ ನೆತ್ತಿಯ ಮೇಲಿನ ಸೂರ್ಯ ಪಡುವಣಕ್ಕೆ ವಾಲಿದ್ದ. ಗೇಟು ತೆರೆದಿತ್ತು, ಕಾವಲಿನವನು ರಸ್ತೆಯ ತಿರುವಿನಲ್ಲಿ ಯಾರದೋ ದಾರಿ ಕಾಯುತ್ತಿದ್ದ. ಅಂಗಳದಲ್ಲಿ ಹಕ್ಕಿಯ ದನಿ ಕೂಡ ಇರಲಿಲ್ಲ. ಇಷ್ಟು ಜನ ಇರುವ ಕಟ್ಟಡದಲ್ಲಿ ಒಂದು ಕೆಮ್ಮಾದರೂ ಕೇಳಬೇಡವೇ? ಪಡಸಾಲೆಯ ಬಾಗಿಲಿಗೆ ಬಂದು ಒಳಗೆ ಇಣುಕಿದೆ.

ಎಲ್ಲರೂ ಕುಳಿತಿದ್ದರು. ಗೋಡೆಯಿಂದ ಗೋಡೆಗೆ ಎರಡು ಸಾಲು, ಒಂದೇ ಬಣ್ಣದ ಅಂಗಿ, ಮುಗಿದ ಕೈ. ಎಲ್ಲರ ಮುಂದೆ ಬಡಿಸಿದ ತಾಟು. ಹುಗ್ಗಿಯ ಮೇಲೆ ಕೆನೆಗಟ್ಟಿ, ಕೆನೆಯ ಮೇಲೆ ನೊಣ ಕುಳಿತಿತ್ತು, ಯಾರೂ ಹೊಡೆಯುತ್ತಿರಲಿಲ್ಲ. ಒಬ್ಬನ ಬಾಯಿಂದ ಜೊಲ್ಲು ಎಳೆಯಾಗಿ ಇಳಿದು ಎದೆಯ ಮೇಲೆ ಹರಡುತ್ತಿತ್ತು, ಅವನ ಕೈ ಮುಗಿದದ್ದು ಮುಗಿದಂತೆಯೇ ಇತ್ತು. ಕಿಟಕಿಯಲ್ಲಿ ಆ ಗಾಳಿಯಂತ್ರಗಳು. ನನ್ನ ನೆರಳು ಹೊಸ್ತಿಲು ದಾಟಿ ಒಳಗೆ ಬಿತ್ತು. ಅಷ್ಟೂ ಮುಖಗಳು ಒಮ್ಮೆಗೇ ತಿರುಗಿದವು, ಅಷ್ಟೂ ಕೈಗಳು ಚಪ್ಪಾಳೆ ತಟ್ಟತೊಡಗಿದವು. ಬಸು ಕೂಡ. ನಾನು ಅಂದಿನ ದಾನಿಯಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಬೇಡವೆಂದು ಕೈ ಆಡಿಸಿದೆ. ಚಪ್ಪಾಳೆ ನಿಲ್ಲಲಿಲ್ಲ. ನಾನು ಹೇಳಬೇಕಾದದ್ದನ್ನು ಹೇಳುವತನಕ ಅದು ನಿಲ್ಲುವುದಿಲ್ಲ ಎಂದು ತಿಳಿದಾಗ ಬಾಗಿಲ ಚೌಕಟ್ಟು ಹಿಡಿದೆ. "ಊಟ ಮಾಡ್ರಿ" ಎಂದೆ. ಎಲ್ಲ ತಲೆಗಳೂ ಒಟ್ಟಿಗೆ ಬಾಗಿದವು.

ಮೇಡಂ ಓಡಿ ಬಂದರು. ದುಡ್ಡು ಕೊಟ್ಟು ಇಲ್ಲಿಯೇ ಅಡುಗೆ ಮಾಡಿಸಿದ್ದ ಶಿರಹಟ್ಟಿ ಕಡೆಯ ದಾನಿಗಳ ಗಾಡಿ ದಾರಿಯಲ್ಲಿ ಪಂಕ್ಚರ್ ಆಗಿತ್ತಂತೆ. "ಅವರು ಬರೂಮುಂಚೆ ಉಣಿಸಿದ್ರ ಮನಸಿಗೆ ಹಚ್ಕೋತಾರ ಅಕ್ಕಾರ. ಅವರ ಮುಂದ ಉಂಡ್ರ ಅವರಿಗೂ ಸಮಾಧಾನ" ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಊಟಗಳಿಲ್ಲದಿದ್ದರೆ ವಸತಿಗೃಹ ನಡೆಯುತ್ತಿರಲಿಲ್ಲ. ನಾನು ಒಂದೇ ಮಾತು ಕೇಳಿದೆ, "ಮೇಡಂ, ಬಸು ಇಲ್ಲೆ ಬ್ಯಾಡ ಅಂತಾನೇನ್ರಿ?"

ಮೇಡಂ ಮುಖ ಅರಳಿತು. "ಇಲ್ರಿ ಅಕ್ಕಾರ. ಬಂದ ಹೊಸದಾಗಿ ಭಾಳ ಅಂತಿದ್ದ. ಈಗ ಒಂದ ಸಲಾನೂ ಅನ್ನಂಗಿಲ್ಲ. ಯಾರೂ ಅನ್ನಂಗಿಲ್ಲ."

ಬೆಟಗೇರಿಯ ನಮ್ಮ ಓಣಿಯಲ್ಲಿ ಒಂದು ರೂಢಿ ಇತ್ತು. ಯಾರದಾದರೂ ಮನೆಯಲ್ಲಿ ಸಾವಾದರೆ ಓಣಿಯ ಎಲ್ಲ ಮಗ್ಗಗಳೂ ನಿಲ್ಲುತ್ತಿದ್ದವು. ಬೆಳಗ್ಗೆ ಎದ್ದು ಕಿವಿಗೆ ಸದ್ದು ಬೀಳದಿದ್ದರೆ, ಅವ್ವ ಒಲೆ ಹಚ್ಚುವ ಮುಂಚೆ ಬಾಗಿಲಿಗೆ ಬಂದು, "ಯಾರು ಹೋದ್ರು?" ಎಂದು ಕೇಳುತ್ತಿದ್ದಳು. ಶಾಂತಿಯನ್ನು ನಾವು ಹಾಗೆ ಓದುವುದನ್ನು ಕಲಿತವರು. ಅಂಥ ಓಣಿಯಲ್ಲಿ ಬೆಳೆದ ನಾನೇ ಮುಂಡರಗಿ ರಸ್ತೆಯ ಆ ಪಡಸಾಲೆಯಲ್ಲಿ ನಿಂತು 'ಎಷ್ಟು ಶಾಂತ ಐತಿ' ಎಂದಿದ್ದೆ. ನಮಗೆ ಬೇಡದ್ದನ್ನು ಬೇಡ ಅನ್ನುವ ಜಾಗಕ್ಕೆ ತಾನೇ ನಾವು ಮನೆ ಅನ್ನುವುದು? ಹಸಿವಾದರೆ ಉಣ್ಣುವುದು, ಸಾಕಾದರೆ ತಾಟು ಸರಿಸುವುದು, ಬಂದವರ ಮುಖ ಇಷ್ಟವಾಗದಿದ್ದರೆ ಒಳಗೆದ್ದು ಹೋಗುವುದು. ಹಾಸಿಗೆ, ಅಂಗಿ, ಹುಗ್ಗಿ ಎಲ್ಲ ಕೊಟ್ಟು ಈ ಒಂದನ್ನು ತೆಗೆದುಕೊಂಡರೆ ಉಳಿಯುವುದು ಏನು? ಪಡಸಾಲೆಯಲ್ಲಿ ನನ್ನ ಕಡೆ ತಿರುಗಿದ ಆ ಮುಖಗಳು ನನಗೆ ಇಂದಿಗೂ ಉತ್ತರ ಹೇಳುತ್ತವೆ. ಬಸುವನ್ನು ಅಲ್ಲಿ ಬಿಟ್ಟರೆ ಸ್ವಲ್ಪ ದಿನದಲ್ಲಿ ಬಸು ಇರುವುದಿಲ್ಲ, ಅವನ ಅಂಗಿ ತೊಟ್ಟು ಚಪ್ಪಾಳೆ ತಟ್ಟುವ ಏನೋ ಒಂದು ಇರುತ್ತದೆ ಎಂದು ನನಗೆ ಖಚಿತವಾಯಿತು.

ಹುಡುಕಾಡಿ, ಬಸ್ಸು ಹತ್ತಿಳಿದು, ಕೊನೆಗೆ ಲಕ್ಷ್ಮೇಶ್ವರದ ಒಂದು ಓಣಿಯಲ್ಲಿ ಹಸೀನಾ ಎಂಬ ಹೆಣ್ಣುಮಗಳ ಬಾಗಿಲು ಬಡಿದೆ. ಬಸುವಿನಂಥವಳೇ ಆದ ತನ್ನ ಮಗಳಿಗೆ ಜೊತೆಯಾಗಲೆಂದು ಅವರು ಗಂಡಹೆಂಡತಿ ಪರವಾನಗಿ ಪಡೆದು ಬಾಡಿಗೆ ಮನೆಯಲ್ಲಿ ನಾಲ್ಕಾರು ಜನರನ್ನು ಇಟ್ಟುಕೊಂಡಿದ್ದರು. ಬಾಗಿಲು ತೆರೆಯುವ ಮೊದಲೇ ಒಳಗೆ ಯಾರೋ ಒದರುತ್ತಿದ್ದರು. ಟೀವಿ ಒಂದು ಕಡೆ, ಸೀದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಇನ್ನೊಂದು ಕಡೆ. ಒಬ್ಬ ಮುದುಕ ನನ್ನ ಛತ್ರಿ ಕಸಿದುಕೊಂಡು ಹೋದವನು ಮರಳಿ ಕೊಡಲೇ ಇಲ್ಲ. "ಇದೇನು ಮನಿಯೋ ಸಂತಿಯೋ" ಎಂದು ನಮ್ಮ ಮನೆಯವರು ಹೊರಗೇ ಉಳಿದರು. ಅವರ ಅನುಮಾನಕ್ಕೂ ಅರ್ಥವಿತ್ತು. ಗೋಡೆ ಗಿಡ್ಡ, ಬಸ್ಸಿನ ರಸ್ತೆ ಹತ್ತಿರ. "ಓಡಿ ಹೋದ್ರ?" ಎಂದು ನಾನೂ ಕೇಳಿದೆ. "ದಿನಾ ಸಂಜಿಮುಂದ ನಾವ ಅಡ್ಡಾಡಾಕ ಕರಕೊಂಡು ಹೋಗ್ತೀವ್ರಿ. ಹೊರಗ ಹೋಗೂದು ಸಿಕ್ಕರ ಗ್ವಾಡಿ ಹಾರೂ ಹಂಬಲ ಕಡಿಮಿ ಆಗ್ತೈತಿ. ಪೂರಾ ಹೋಗ್ತೈತಿ ಅಂತ ನಾ ಹೇಳಂಗಿಲ್ರಿ" ಎಂದರು ಹಸೀನಾ. ಹೆದರಿಕೆ ನನ್ನ ಎದೆಯಿಂದ ಎದ್ದು ಹೋಗಲಿಲ್ಲ, ಪಕ್ಕಕ್ಕೆ ಸರಿದು ಕುಳಿತಿತು. ಬಸು ಅಲ್ಲಿಗೆ ಹೋದ.

ಅಲ್ಲಿಯೂ ಅವನು ಕೈಮುಗಿದೇ ಕುಳಿತ. ಹಸೀನಾ ಫೋನಿನಲ್ಲಿ ಹೇಳಿದರು, "ಬಾಗಲದಾಗ ನಿಂತು 'ಊಟ ಮಾಡ್ರಿ' ಅಂದ್ರ ಉಣ್ತಾನ, ಖರೆ. ಆದ್ರ ನಾ ಅನ್ನಂಗಿಲ್ರಿ ಅಕ್ಕಾ. ನನ್ನ ತಾಟೂ ಅವನ ಮುಂದ ಇಟ್ಕೊಂಡು ಕುಂಡ್ರತೀನಿ. ಎಲ್ಲಾರೂ ಎದ್ದು ಹೋದ ಮ್ಯಾಲೆ, ನಾ ಅತ್ತಾಗ ಮಾರಿ ಮಾಡಿದ್ರ, ಅಷ್ಟಷ್ಟು ಉಣ್ತಾನ." ಅವನ ಮೈ ಇಳಿಯಿತು. ನಮ್ಮ ಮನೆಯವರು ಊಟ ಬಿಟ್ಟು ಎದ್ದುಹೋಗುವಷ್ಟು ಜಗಳವಾಯಿತು. ಇತ್ತ ನನ್ನ ಅಡುಗೆಮನೆಯ ಸದ್ದು ದಿನೇ ದಿನೇ ಹೆಚ್ಚಾಗಿ, ಮಧ್ಯಾಹ್ನಗಳಲ್ಲಿ ನಾನು ಅತ್ತ ಹೋಗುವುದನ್ನೇ ಬಿಟ್ಟೆ.

ಕಳೆದ ತಿಂಗಳು ಗಂಗಾಳವನ್ನು ಹಲಗೆಯಿಂದ ಇಳಿಸಿ, ಸೆರಗಿನಲ್ಲಿ ಒರೆಸಿ, ಚೀಲಕ್ಕೆ ಹಾಕಿಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. ಬೆರಳು ಸಣ್ಣಗಾಗಿ ಉಂಗುರ ಈಗ ನಿಲ್ಲುವುದಿಲ್ಲ, ಅದನ್ನು ಮನೆಯಲ್ಲೇ ಬಿಟ್ಟೆ. ನಾನು ಒಳಗೆ ಕಾಲಿಟ್ಟಾಗ ಬಸುವಿನ ಎರಡೂ ಕೈಗಳು ಎದ್ದವು. ಎದೆಯ ಮಟ್ಟಕ್ಕೆ ಬಂದವು, ಅಲ್ಲೇ ನಿಂತವು. ಯಾರೂ ಅವನ ಜೊತೆ ತಟ್ಟಲಿಲ್ಲ. ಮುದುಕ ನನ್ನ ಛತ್ರಿ ಬಿಚ್ಚುವುದರಲ್ಲಿ ಮುಳುಗಿದ್ದ. ನಾನು 'ಊಟ ಮಾಡ್ರಿ' ಅನ್ನದೆ ಬಸುವಿನೆದುರು ಕುಳಿತು, ಗಂಗಾಳದಲ್ಲಿ ರೊಟ್ಟಿ, ಮಡಕಿಕಾಳು ಪಲ್ಯ ಇಟ್ಟು, ಅವನಿಗೆ ಬಾಲ್ಯದಿಂದ ಸೇರದ ಹಸಿ ಉಳ್ಳಾಗಡ್ಡಿಯ ಒಂದು ಹೋಳನ್ನು ಪಕ್ಕಕ್ಕೆ ಇಟ್ಟೆ. ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಎರಡು ಬೆರಳಿನಿಂದ ಎತ್ತಿ ನನ್ನ ಕಡೆಗೆ ನೆಲದ ಮೇಲೆ ಇಟ್ಟು, ತುಕ್ಕು ಹಿಡಿದ ದನಿಯಲ್ಲಿ, "ಬ್ಯಾಡ" ಎಂದ.

ನಾನು ಅತ್ತೆ. ಅಳುವುದಕ್ಕೆ ನಾಚಿಕೆಯೇನೂ ಆಗಲಿಲ್ಲ. ಆ ಗದ್ದಲದ ಮನೆಯಲ್ಲಿ ಅದು ಯಾರಿಗೂ ದೊಡ್ಡ ಸಂಗತಿಯೂ ಆಗಿರಲಿಲ್ಲ. ಬಸುವಿನ ಬಲಗೈ ಗಂಗಾಳದ ಅಂಚಿಗೆ ಬಂತು. ಉಂಗುರವಿಲ್ಲದ ಬೆರಳು, ಬರೀ ಉಗುರು. ತಗ್ಗುಗಳನ್ನು ಒಂದೊಂದಾಗಿ ತಡವಿತು, ಆಮೇಲೆ ತಟ್ಟಿತು. ಎರಡು ಮೆಲ್ಲಗೆ, ಒಂದು ಜೋರು. ಅಪ್ಪ ಮಗ್ಗಕ್ಕೆ ಕುಳಿತ ಹಾಗೆ ಇಡೀ ಖೋಲಿ ಒಂದು ಗಳಿಗೆ ತುಂಬಿತು. ಆದರೆ ಎಡಗೈ ಮಾತ್ರ ಕೆಳಗೆ ಇಳಿದಿರಲಿಲ್ಲ. ಎದೆಯ ಮಟ್ಟದಲ್ಲಿ, ಅಂಗೈ ಬಿಚ್ಚಿಕೊಂಡು, ಬಾಗಿಲಿನ ಕಡೆಗೆ ಮುಖ ಮಾಡಿ ಅದು ತನ್ನ ಜೋಡಿಗಾಗಿ ಕಾಯುತ್ತಿತ್ತು. ಅದನ್ನು ಹಿಡಿದು ಕೆಳಗಿಳಿಸಲು ಕೈ ಚಾಚಿದೆ. ಬಸು, "ಬ್ಯಾಡ" ಎಂದ. ನಾನು ಕೈ ಹಿಂದೆ ತೆಗೆದುಕೊಂಡೆ, ಮತ್ತು ನಾವಿಬ್ಬರೂ ಆ ಕೈ ಇಳಿಯುವುದನ್ನು ಕಾಯುತ್ತಾ ಕುಳಿತೆವು.